ಮುಳುಗದ ಬೋಟು

ಕಿಡಿ ಬರುತ್ತಿತ್ತು. ಅಂದಮೇಲೆ ಪ್ಲಗ್ಗಿನ ತಪ್ಪಲ್ಲ. ಗೌತಮ್ ಅದನ್ನು ಒರೆಸಿ ಮತ್ತೆ ಅದರ ಜಾಗದಲ್ಲಿ ಬಿಗಿದ. ಒಂದು ಅನುಮಾನ ತೀರಿತಲ್ಲ ಎಂದು ಖುಷಿಯಾಗಬೇಕಿತ್ತು. ಇನ್ನೂ ಬೇಕಾದಷ್ಟು ಅನುಮಾನಗಳು ಉಳಿದಿವೆಯಲ್ಲ ಎಂದು ಖುಷಿಯಾಯಿತು.

ಜೇಬಿನಲ್ಲಿ ಫೋನು ಗುರುಗುಟ್ಟಿ ಸುಮ್ಮನಾಯಿತು. ಅವನು ನೋಡಲಿಲ್ಲ. ಕೈಯೆಲ್ಲ ಗ್ರೀಸು. ಕೈಗೆ ಗ್ರೀಸು ಮೆತ್ತಿಕೊಂಡ ಗಂಡಸನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ಮದುವೆಯಾದ ಹೊಸತರಲ್ಲೇ ಅವನು ಕಂಡುಕೊಂಡ ಸತ್ಯ.

“ಪೆಟ್ರೋಲ್‌ಗೆ ನೀರು ಸೇರ್ಕಂಡಿರ್ಬೋದಾ ಸಾರ್?” ಬೋಟು ಓಡಿಸುವ ನಿಂಗಯ್ಯ ಕೆರೆಯಂಚಿನ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದ.

“ನೋಡೋಣ.”

ಹೇಳಿದ ಮೇಲೆ ಆ ಮಾತು ಅವನಿಗೇ ಚುಚ್ಚಿತು. ಮೊನ್ನೆ ಊಟಕ್ಕೆ ಕೂತಾಗ ಹೆಂಡತಿ ಧರಣಿಗೂ ಅವನು ಹೇಳಿದ್ದು ಅದನ್ನೇ. “ರಾಯಚೂರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದಿದೆ. ಬೇಡ ಅಂತ ಬರ್ಕೊಟ್ರೆ ಇಲ್ಲೇ ಇರ್ಬೋದು. ನೀನೇನಂತೀಯ?” ಎಂದಿದ್ದಳು. ನೋಡೋಣ ಎಂದಿದ್ದ. ಅವಳು ಎಂಜಲು ಕೈ ಒಣಗುವವರೆಗೂ ಕಾದಳು. “ಹೋಗ್ಬೇಡ ಅಂತ ಒಂದ್ಮಾತು ಅಂದ್ಬುಡು ಗೌತಮ್, ಇದ್ಬುಡ್ತೀನಿ. ಇಲ್ಲಾ, ಹೋಗು ಅಂತಾದ್ರೂ ಅನ್ನು.” ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅವನು ಎದ್ದು ಅದಕ್ಕೆ ವಾಷರ್ ಹಾಕಿದ.

ಇವತ್ತು ಭಾನುವಾರ. ಸಂಜೆಯ ರೈಲಿಗೆ ಅವಳ ಟಿಕೆಟ್ಟಿತ್ತು.

ಬೆಳಿಗ್ಗೆ ಅವಳು ಸೂಟ್‌ಕೇಸಿಗೆ ಸೀರೆ ಜೋಡಿಸುತ್ತಿದ್ದಾಗ ಪುನೀತನ ಫೋನು ಬಂದಿತ್ತು. ಪುನೀತ್ ಹಳೆಯ ಸಹಪಾಠಿ, ಊರಾಚೆಯ ಈ ಕೆರೆಯ ದೋಣಿವಿಹಾರವನ್ನು ಗುತ್ತಿಗೆಗೆ ಹಿಡಿದವನು. “ಹಳೇ ಮೋಟಾರ್ ಬೋಟು ಕಣೋ. ಎಂಜಿನ್ ಬಾಯಿ ಬಡ್ಕೊಳತ್ತೆ, ಬೋಟು ಮಾತ್ರ ಮುಂದಕ್ಕೇ ಹೋಗಲ್ಲ. ಬಿಡುವಾದಾಗ ಒಂದ್ಸಲ ನೋಡು.” ಹೆಬ್ಬಾಳದ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷಿಸುವುದೇ ಗೌತಮನ ಕೆಲಸ. ಬಿಡುವಿನ ಮಾತನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಕಾಫಿಯನ್ನೂ ಕುಡಿಯದೆ ಲಕ್ಷ್ಮೀಪುರಂನಿಂದ ಬೈಕು ಹತ್ತಿದ. ಕರೆದ ಕಡೆಗೆ ಇಷ್ಟು ಬೇಗ ಹೊರಟದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಪೆಟ್ರೋಲಿನಲ್ಲಿ ನೀರಿರಲಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ತೆರೆದೇ ಇತ್ತು. ಫಿಲ್ಟರ್ ಚೊಕ್ಕ. ಪೈಪನ್ನು ಬದಲಿಸಿದ, ಏನೂ ಬದಲಾಗಲಿಲ್ಲ. ಎರಡು ಸಿಲಿಂಡರುಗಳ ಒತ್ತಡವೂ ಅಣ್ಣತಮ್ಮಂದಿರ ಹಾಗೆ ಸರಿಸಮ.

ಇದು ಅವನಿಗೆ ಇಷ್ಟ. ಎಂಜಿನ್ನನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಹೋದರೆ ಅದು ಹೌದು ಅನ್ನುತ್ತದೆ, ಇಲ್ಲ ಅನ್ನುತ್ತದೆ. ತಿರುಗಿ ‘ನೀನೇನಂತೀಯ’ ಎಂದು ಕೇಳುವುದಿಲ್ಲ.

“ಮನೇಲಿ ಎಲ್ಲಾರೂ ಸಂದಾಗವ್ರಾ ಸಾರ್?”

“ಹೂಂ.”

“ಮಕ್ಳು?”

“ಆ ಸ್ಪ್ಯಾನರ್ ಕೊಡಿ ನಿಂಗಯ್ಯನವ್ರೇ.”

ಪ್ರೊಪೆಲ್ಲರಿನ ಒಳಗಿನ ರಬ್ಬರು ಜಾರುತ್ತಿರಬಹುದೆ? ಹಾಗಿದ್ದರೆ ಎಂಜಿನ್ ಸುತ್ತಿದಷ್ಟು ರೆಕ್ಕೆ ಸುತ್ತುವುದಿಲ್ಲ. ಒಳಭಾಗಕ್ಕೂ ಹೊರಭಾಗಕ್ಕೂ ಸೇರಿಸಿ ಕೆಂಪು ಗೆರೆ ಎಳೆದ. ಟೂಲ್ ಬಾಕ್ಸಿನಲ್ಲಿ ಧರಣಿಯ ನೈಲ್ ಪಾಲಿಶ್ ಬಾಟಲಿಯಿತ್ತು. ಅವಳು ಹಚ್ಚಿಕೊಳ್ಳುವುದನ್ನು ಬಿಟ್ಟ ಮೇಲೆ ಅವನಿಗೆ ಗುರುತು ಹಾಕಲು ಒದಗಿತ್ತು. ಯಾವಾಗ ಬಿಟ್ಟಳು ಎಂಬುದು ಅವನಿಗೆ ಗೊತ್ತು. ಮಗು ಹೊಟ್ಟೆಯಲ್ಲೇ ತೀರಿಕೊಂಡ ವರ್ಷ. ಆಸ್ಪತ್ರೆಯಿಂದ ಬಂದ ಸಂಜೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವನು ಹೊರಗಿನ ಕೋಣೆಯಲ್ಲಿ ಕೂತು ಮಿಕ್ಸಿ ಬಿಚ್ಚಿ ರಿಪೇರಿ ಮಾಡಿದ. ಅಳು ಬಂದಿತ್ತು. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲವೆಂದು ಹೆದರಿದ್ದ. ಮಿಕ್ಸಿ ಇವತ್ತಿಗೂ ಚೆನ್ನಾಗಿ ಓಡುತ್ತಿದೆ.

ತೆವಳುವ ಬೋಟನ್ನು ಒಂದು ಸುತ್ತು ಓಡಿಸಿ ತಂದು ನೋಡಿದ. ಗೆರೆ ಕದಲಿರಲಿಲ್ಲ. ರಬ್ಬರೂ ಸರಿಯಿದೆ.

ಎಂಜಿನ್ನಿಗೆ ಏನೂ ಆಗಿಲ್ಲ. ಇದು ಹೊಳೆದಾಗ ಅವನಿಗೆ ಸಣ್ಣಗೆ ದಿಗಿಲಾಯಿತು. ಕೇಳಲು ಪ್ರಶ್ನೆಗಳೇ ಉಳಿದಿರಲಿಲ್ಲ.

ಕಟ್ಟೆ ಹತ್ತಿ ನಿಂತು ಬೋಟನ್ನು ಹಾಗೇ ನೋಡಿದ. ಒಳಗೆ ಯಾರೂ ಇಲ್ಲ. ಆದರೂ ತುಂಬಿದ ಬಸುರಿಯ ಹಾಗೆ ಹಿಂದಕ್ಕೆ ವಾಲಿ, ನೀರಿನಲ್ಲಿ ಆಳಕ್ಕೆ ಕೂತಿತ್ತು. ಇಳಿದು, ನೆಲಕ್ಕೆ ಹಾಸಿದ್ದ ನಾರಿನ ಚಾಪೆ ಎತ್ತಿ, ಸ್ಪ್ಯಾನರಿನಿಂದ ತಟ್ಟಿದ. ಟೊಳ್ಳು ಸದ್ದು ಬರಬೇಕಿತ್ತು. ಒದ್ದೆ ಗೋಣಿಚೀಲಕ್ಕೆ ತಟ್ಟಿದಂತಾಯಿತು.

ಚಾಪೆಯ ಕೆಳಗೆ ನೆಲದ ತುಂಬ ತೂತುಗಳು. ಕೆಲವಕ್ಕೆ ಮೇಣ ಮೆತ್ತಿತ್ತು, ಕೆಲವು ಬಾಯಿ ತೆರೆದುಕೊಂಡಿದ್ದವು.

“ಇವೇನು ನಿಂಗಯ್ಯನವ್ರೇ?”

“ಆಯುಧಪೂಜೆದು ಸಾರ್.” ನಿಂಗಯ್ಯನ ಮುಖ ಅರಳಿತು. “ಬಾಳೆಕಂದು ನಿಲ್ಸಕೆ ಕ್ಲಾಂಪು ಹೊಡೀತೀವಲ್ಲ, ಅದ್ರ ಸ್ಕ್ರೂ. ವರ್ಷವರ್ಷವೂ ಹಳೇ ತೂತು ಸಡ್ಲ ಆಗ್ಬುಡತ್ತೆ, ಪಕ್ಕದಾಗೆ ಹೊಸ್ದು ಹೊಡಿಯದು. ಕೊಡಗಟ್ಲೆ ನೀರು ಹುಯ್ದು ತೊಳ್ದು, ಕುಂಬಳಕಾಯಿ ಒಡ್ದು... ಈ ಊರಲ್ಲಿ ಇಂಗೆ ಪೂಜೆ ಮಾಡಿಸ್ಕಂಡ ಬೋಟು ಇನ್ನೊಂದಿಲ್ಲ ಬುಡಿ.”

ಗೌತಮನ ಮನೆಯಲ್ಲಿ ಅಪ್ಪನ ಕಾಲದಲ್ಲೇ ಆಯುಧಪೂಜೆ ನಿಂತಿತ್ತು. ಬುದ್ಧನ ಪಟದ ಮುಂದೆ ಒಂದು ಮೇಣದಬತ್ತಿ ಹಚ್ಚಿದರೆ ಮುಗಿಯಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದ. ಉಳಿದಿದ್ದ ಒಂದು ಸ್ಕ್ರೂ ಬಿಚ್ಚಿ, ತೂತಿನೊಳಗೆ ತಂತಿ ಇಳಿಸಿ ಎಳೆದ. ತಂತಿಯ ತುದಿಗೆ ಹಳದಿ ಸ್ಪಂಜಿನ ಚೂರು ಬಂತು. ಹಿಂಡಿದರೆ ಕಪ್ಪು ನೀರು.

“ಇದಕ್ಕೆ ಎರಡು ತಳ. ಮಧ್ಯೆ ಈ ಸ್ಪಂಜಿದೆ,” ಎಂದ. “ಬೋಟು ಮುಳುಗಬಾರ್ದು ಅಂತ ಫ್ಯಾಕ್ಟರಿಯಲ್ಲೇ ತುಂಬಿರೋದು. ನೀವು ಹುಯ್ದ ನೀರೆಲ್ಲ ತೂತಿಂದ ಇಳಿದು ಇದು ಕುಡ್ಕೊಂಡಿದೆ. ಅದರ ಭಾರ. ಎಂಜಿನ್ ಪಾಪ ಏನು ಮಾಡತ್ತೆ?”

ನಿಂಗಯ್ಯನ ಮುಖ ಬಾಡಿತು. “ಅಂಗಾರೆ ನಾನೇ ಕೊಂದ್ಬುಟ್ನಾ ಸಾರ್ ಇದ್ನ?”

ನಿಮ್ಮ ತಪ್ಪಲ್ಲ ಅನ್ನಬಹುದಿತ್ತು. ಮುದುಕನ ಹೆಗಲು ಮುಟ್ಟಬಹುದಿತ್ತು. ಗೌತಮ್ ತಂತಿ ಒರೆಸಿದ.

“ಒಣಗ್ಸಕಾಗಲ್ವಾ?”

“ಹೊರಗಡೆ ಬಿಸಿಲಿಗೆ ಒಣಗತ್ತೆ. ಒಳಗೆ ಹೋಗಿರೋದು ಹಾಗೇ ಇರತ್ತೆ.”

“ಮುಳುಗಕಿಲ್ವಲ್ಲ?”

“ಮುಳುಗಲ್ಲ. ಹೋಗೋದೂ ಇಲ್ಲ.”

ಫೋನು ಮತ್ತೆ ಗುರುಗುಟ್ಟಿತು. ಈಗ ಗ್ರೀಸಿನ ನೆಪವಿರಲಿಲ್ಲ. ಕೈಯೆಲ್ಲ ಬರೀ ನೀರು. ಎತ್ತಿದ.

“ಆಟೋದಲ್ಲಿದೀನಿ,” ಎಂದಳು ಧರಣಿ. “ಸ್ಟೇಷನ್ನಿಗೆ ಹೋಗೋಕ್ಮುಂಚೆ ಕೆರೆ ಹತ್ರ ಬಂದ್ ಹೋಗ್ತೀನಿ. ಅಲ್ಲೇ ಇರ್ತೀಯಲ್ಲ?”

“ಎಂಜಿನ್ದು ಇನ್ನೂ ಸ್ವಲ್ಪ...”

“ಇರ್ತೀಯಾ?”

“ಹೂಂ.”

ಫೋನು ಜೇಬಿಗಿಟ್ಟು ಹಗ್ಗ ಬಿಚ್ಚತೊಡಗಿದ. “ಇನ್ನೊಂದು ರೌಂಡ್ ನೋಡ್ತೀನಿ.”

“ಕಾಯ್ಲೆ ಗೊತ್ತಾಯ್ತಲ್ಲ ಸಾರ್,” ಎಂದ ನಿಂಗಯ್ಯ ಕಣ್ಣು ಕಿರಿದು ಮಾಡಿ. “ಇನ್ನೇನ್ ನೋಡದು?”

ಗೌತಮನಿಗೆ ಉತ್ತರ ಗೊತ್ತಿತ್ತು. ಅವಳು ಬಂದು ಎದುರಿಗೆ ನಿಂತರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ರಾಯಚೂರೊಂದೇ ಅಲ್ಲ, ಎಲ್ಲವೂ ಬರುತ್ತದೆ. ಹಗ್ಗವನ್ನು ಕಟ್ಟೆಗೆ ಎಸೆದ. ಸ್ಟಾರ್ಟರ್ ದಾರ ಎಳೆದ. ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು.

ನಡುಕೆರೆಗೆ ಬರುವಷ್ಟರಲ್ಲಿ ಏರಿಯ ಆ ತುದಿಯ ಗೇಟಿನ ಹತ್ತಿರ ಆಟೋ ನಿಂತಿತು. ಧರಣಿ ಇಳಿದು ಏರಿಯ ಉದ್ದಕ್ಕೂ ನಡೆದು ಕಟ್ಟೆಗೆ ಬಂದಳು. ನಿಂಗಯ್ಯ ಎದ್ದು ನಿಂತು ಕೆರೆಯ ಕಡೆ ಕೈ ತೋರಿಸಿದ. ಅವಳು ಹಣೆಗೆ ಕೈ ಅಡ್ಡವಿಟ್ಟು ನೋಡಿದಳು.

ಅವಳು ಹಾಗೆ ಒಬ್ಬಳೇ ಬಿಸಿಲಿನಲ್ಲಿ ನಿಂತದ್ದನ್ನು ಕಂಡದ್ದೇ ಅವನ ಎದೆ ಒಡೆಯಿತು. ಬೇಕು, ಅವಳು ಇಲ್ಲೇ ಇರಬೇಕು. ಬೋಟನ್ನು ಕಟ್ಟೆಯ ಕಡೆ ತಿರುಗಿಸಿ ವೇಗದ ಹಿಡಿಯನ್ನು ಪೂರ್ತಿ ತಿರುಚಿದ. ಎಂಜಿನ್ ಅರಚಿತು. ಹಿಂದೆ ನೊರೆ ಎದ್ದಿತು. ಕಟ್ಟೆ ಇದ್ದಲ್ಲೇ ಇತ್ತು.

ಅವಳು ಏನೋ ಕೂಗಿದಳು. ಕೇಳಿಸಲಿಲ್ಲ.

“ಹೋಗ್ಬೇಡ!” ಎಂದ. ಅವನ ಮಾತು ಅವನಿಗೇ ಕೇಳಿಸಲಿಲ್ಲ. ಎಂಜಿನ್ ಆರಿಸಿದರೆ ಕೇಳಿಸುತ್ತದೆ. ನೀರಿನ ಮೇಲೆ ಪಿಸುಮಾತೂ ದಡ ಮುಟ್ಟುತ್ತದೆ. ಆರಿಸಬೇಕು. ಆರಿಸಿದರೆ ಬೋಟು ನಿಂತುಬಿಡುತ್ತದೆ. ಆಮೇಲೆ ಅವನ ಧ್ವನಿ, ಅವಳ ಕಿವಿ, ನಡುವೆ ಏನೂ ಇರುವುದಿಲ್ಲ. ಕೈ ಹಿಡಿಯನ್ನು ಬಿಡಲಿಲ್ಲ.

ಧರಣಿ ಗಡಿಯಾರ ನೋಡಿಕೊಂಡಳು. ನಿಂಗಯ್ಯನಿಗೆ ಏನೋ ಹೇಳಿದಳು. ತಿರುಗಿ ಏರಿಯ ಮೇಲೆ ಗೇಟಿನ ಕಡೆ ನಡೆಯತೊಡಗಿದಳು.

ಗೌತಮ್ ಬೋಟನ್ನೂ ಅತ್ತಲೇ ತಿರುಗಿಸಿದ. ಏರಿಗೆ ಸಮನಾಗಿ, ಅವಳ ಪಕ್ಕದಲ್ಲೇ, ಒಂದಿಷ್ಟು ನೀರು ಬಿಟ್ಟು. ಎಂಜಿನ್ ಮೈಯೆಲ್ಲ ನಡುಗಿಸುತ್ತಾ ಬೊಬ್ಬೆಯಿಡುತ್ತಿತ್ತು. ಮರಗಳ ಮೇಲಿನ ಕೊಕ್ಕರೆಗಳು ಗಾಬರಿಬಿದ್ದು ಎದ್ದವು. ಅವಳಿಗೆ ಅವಸರವಿರಲಿಲ್ಲ. ಒಮ್ಮೆ ನಿಂತು, ಬಾಗಿ, ಚಪ್ಪಲಿಯೊಳಗೆ ಸಿಕ್ಕಿದ್ದ ಕಲ್ಲು ತೆಗೆದು, ಮತ್ತೆ ನಡೆದಳು. ಸೀರೆಯ ನೆರಿಗೆ ಹಿಡಿದು, ಸಂತೆಗೆ ಹೊರಟವರ ಹಾಗೆ ನಿಧಾನವಾಗಿ ನಡೆಯುತ್ತಿದ್ದರೂ, ಪ್ರತಿ ಹೆಜ್ಜೆಗೂ ಅವಳು ಬೋಟಿಗಿಂತ ಸ್ವಲ್ಪ ಸ್ವಲ್ಪವೇ ಮುಂದಾಗುತ್ತಿದ್ದಳು.