ಬ್ರಾಕೆಟ್ ಮಾಮ

ಅವರ ಕೋಟಿನ ಜೇಬುಗಳಲ್ಲಿ ಸದಾ ಏಳು ಕನ್ನಡಕಗಳಿರುತ್ತಿದ್ದವು. ಮೂಗಿನ ಮೇಲಿನದು ಎಂಟನೆಯದು. ಮೊಣಕೈ ಸವೆದು, ಭಾರಕ್ಕೆ ಜೇಬುಗಳು ಜೋತುಬಿದ್ದಿದ್ದ ಆ ಕಂದು ಕೋಟನ್ನು ತೊಟ್ಟು, ಎಡಭುಜವನ್ನು ತುಸು ತಗ್ಗಿಸಿ, ತುಂಬಿದ ಕೊಡ ಹೊತ್ತವರ ಎಚ್ಚರದಲ್ಲಿ ಒಂದೊಂದೇ ಮೆಟ್ಟಿಲೇರಿ ಅವರು ಗ್ರಂಥಾಲಯದ ಮಹಡಿಗೆ ಬಂದರೆಂದರೆ, ನಮ್ಮ ನಾಟಕದ ಓದು ಇನ್ನು ಶುರುವಾಗಬಹುದು ಎಂದು ಅರ್ಥ. ವೃತ್ತಿಯಿಂದ ಅವರು ಕನ್ನಡಕದ ಅಂಗಡಿಯವರು. "ನಾಟಕ ಓದೋಕೆ ಬರೋರೆಲ್ಲ ಕನ್ನಡಕ ಮನೇಲೇ ಬಿಟ್ಟು ಬರ್ತಾರೆ. ವಯಸ್ಸು ಒಪ್ಕೊಳ್ಳೋಕೆ ಯಾರಿಗೂ ಮನಸ್ಸಿಲ್ಲ ನೋಡಿ," ಎಂದು ನಗುತ್ತ, ಪುಟವನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದಾಗಿಸಿದವರ ಕೈಗೆ ಅವರವರ ನಂಬರಿನ ಜೋಡಿಯನ್ನು ಕೇಳದೆಯೇ ಇಟ್ಟುಬಿಡುತ್ತಿದ್ದರು.

ತಿಂಗಳ ಮೊದಲ ಭಾನುವಾರದ ಸಂಜೆ ನಡೆಯುತ್ತಿದ್ದ ಆ ಓದಿಗೆ ಯಾರು ಬೇಕಾದರೂ ಬರಬಹುದಿತ್ತು. ನಟನೆಯನ್ನೇ ಅನ್ನ ಮಾಡಿಕೊಂಡವರೂ ಬರುತ್ತಿದ್ದರು, ಬಚ್ಚಲುಮನೆಯ ಆಚೆ ಎಂದೂ ದನಿಯೆತ್ತದವರೂ ಬರುತ್ತಿದ್ದರು. ನಡೆಸುವ ಹೊಣೆ ನನ್ನದು. ನಮಗಿದ್ದದ್ದು ಒಂದೇ ನಿಯಮ: ಒಂದು ಓದು ಮುಗಿದ ಕೂಡಲೇ ಮುಂದಿನ ತಿಂಗಳ ನಾಟಕದ ಪಾತ್ರಗಳನ್ನು ಚೀಟಿಗಳಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಕುಲುಕುವುದು, ಯಾರ ಕೈಗೆ ಯಾವುದು ಬಂತೋ ಅವರಿಗೆ ಅದೇ. ಇಬ್ಬರೂ ಒಪ್ಪಿದರೆ ಮಾತ್ರ ಅದಲು ಬದಲು. ಈ ಚೀಟಿಗಳ ನಡುವೆ ಎಲ್ಲರೂ ಹೆದರುವ ಚೀಟಿಯೊಂದಿತ್ತು. ಅದು ಬಂದವರು ಪಾತ್ರವಿಲ್ಲದೆ, ಬ್ರಾಕೆಟ್ಟಿನೊಳಗಿನ ರಂಗಸೂಚನೆಗಳನ್ನಷ್ಟೇ ಓದಬೇಕು: ಬಾಗಿಲು ತೆರೆಯುತ್ತದೆ, ಅವಳು ಪತ್ರವನ್ನು ಹರಿಯುತ್ತಾಳೆ, ಹೀಗೆ. ಆ ಚೀಟಿ ಬಂದು ಯಾರ ಮುಖ ಬಾಡಿದರೂ ನಮ್ಮ ಕನ್ನಡಕದವರು ತಮ್ಮ ಚೀಟಿಯನ್ನು ಮುಂದೆ ಚಾಚಿ, "ಅದಕ್ಕೇನಂತೆ, ಇಲ್ಲಿ ಕೊಡಿ," ಎನ್ನುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ರಾಜನನ್ನೂ ಕಳ್ಳನನ್ನೂ ಕೊಟ್ಟು ಕೊಟ್ಟು ಅವರು ಎಲ್ಲರಿಗೂ ಬ್ರಾಕೆಟ್ ಮಾಮ ಆದರು.

ಅದನ್ನಾದರೂ ಅವರು ಕಾಟಾಚಾರಕ್ಕೆ ಓದಿದವರಲ್ಲ. ಅವರು "ಬಾಗಿಲು ತೆರೆಯುತ್ತದೆ" ಎಂದು ಒಂದು ಉಸಿರಿನಷ್ಟು ತಡೆದರೆ ನಾವೆಲ್ಲ ಬಾಗಿಲ ಕಡೆ ತಿರುಗುತ್ತಿದ್ದೆವು. ಒಮ್ಮೆ "ದೂರದಲ್ಲಿ ನಾಯಿ ಬೊಗಳುತ್ತದೆ" ಎಂದಿದ್ದಾಗ, ಸ್ವಲ್ಪ ಬೊಗಳಿಯೇ ತೋರಿಸಿ ಎಂದು ನಮ್ಮ ಗುಂಪಿನ ಹಲ್ಲಿನ ಡಾಕ್ಟರು ಛೇಡಿಸಿದ್ದರು. "ಬೊಗಳೋದು ನಾಯಿ ಕೆಲಸ ಡಾಕ್ಟ್ರೇ, ನಂದು ಹೇಳೋದಷ್ಟೇ," ಎಂದು ಮಾಮ ಗಂಭೀರವಾಗಿ ಪುಟ ತಿರುಗಿಸಿದ್ದರು.

ಆಮೇಲೆ ಆ ನಾಟಕ ಬಂತು. ಅದರಲ್ಲಿ ಒಬ್ಬ ಮುದುಕ ಅಪ್ಪ ಎರಡು ಅಂಕ ಪೂರ್ತಿ ಮನೆಯವರ ಗದ್ದಲದ ನಡುವೆ ತುಟಿ ಬಿಚ್ಚದೆ ಕೂತು, ಕೊನೆಗೊಮ್ಮೆ ಎದ್ದು ತನ್ನ ಬದುಕಿನ ಮಾತನ್ನೆಲ್ಲ ಆಡುತ್ತಾನೆ. ಆ ಚೀಟಿ ಮಾಮನಿಗೆ ಬಂತು, ಸೂಚನೆಯ ಚೀಟಿ ಹಲ್ಲಿನ ಡಾಕ್ಟರಿಗೆ. ಡಾಕ್ಟರು ಅಭ್ಯಾಸಬಲದಿಂದ ಕೈ ಚಾಚಿದಾಗ ಮಾಮ, "ಈ ಸಲ ಬೇಡ," ಎಂದು ಮೆಲ್ಲಗೆ ಹೇಳಿ, ಚೀಟಿಯನ್ನು ಮಡಿಸಿ, ಕನ್ನಡಕಗಳಿಗೂ ಕೊಡದ ಒಳಜೇಬಿನಲ್ಲಿ ಇಟ್ಟುಕೊಂಡರು. ಇದನ್ನು ನಾನು ಕಣ್ಣಾರೆ ಕಂಡೆ; ಕಂಡೂ ಮರೆತೆ.

ಓದಿನ ದಿನ ಹೆಸರಾಂತ ನಟರೊಬ್ಬರು ಹೇಳದೆ ಕೇಳದೆ ಬಂದುಬಿಟ್ಟರು. ಅಂಥವರನ್ನು ಸುಮ್ಮನೆ ಕೂರಿಸುವುದೇ? ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಒಂದೇ ಒಂದು ನಿಯಮವನ್ನು ಗಾಳಿಗೆ ತೂರಿ ಮಾಮನ ಹತ್ತಿರ ಹೋದೆ.

"ಮಾಮ, ನಿಮಗೆ ಹೇಗೂ ಬ್ರಾಕೆಟ್ಟೇ ಇಷ್ಟ ಅಲ್ವಾ? ಡಾಕ್ಟರ ಚೀಟಿ ನೀವು ತಗೊಳ್ಳಿ, ಅಪ್ಪನ ಪಾತ್ರ ಇವರಿಗೆ ಕೊಟ್ಬಿಡೋಣ."

ಅವರು ನನ್ನನ್ನೊಮ್ಮೆ, ಕುರ್ಚಿಗಳ ಸಾಲುಗಳಾಚೆ ಎಲ್ಲೋ ಒಮ್ಮೆ ನೋಡಿದರು. ಬಿಚ್ಚಿ ಮಡಿಸಿ ಬಿಚ್ಚಿ ಮಡಿಸಿ ಬಟ್ಟೆಯಂತೆ ಮೆತ್ತಗಾಗಿದ್ದ ಚೀಟಿ ಹೊರಗೆ ಬಂತು. "ಅದಕ್ಕೇನಂತೆ," ಎಂದರು.

ಅಷ್ಟಕ್ಕೇ ಮುಗಿಯಲಿಲ್ಲ. ನಟರು ಕನ್ನಡಕ ತಂದಿರಲಿಲ್ಲ. ಮಾಮ ಏಳೂ ಜೋಡಿಗಳನ್ನು ಅವರಿಗೆ ಹಾಕಿಸಿ ನೋಡಿದರು, ಒಂದೂ ಹೊಂದಲಿಲ್ಲ. ಕೊನೆಗೆ ತಮ್ಮ ಮೂಗಿನ ಮೇಲಿನದನ್ನೇ ತೆಗೆದು, ಕೋಟಿನ ಅಂಚಿಗೆ ಒರೆಸಿ ಕೊಟ್ಟರು. "ತಗೊಳ್ಳಿ, ನಿಮ್ಮದೂ ನನ್ನ ನಂಬರೇ ಇರಬೇಕು." ಸರಿಯಾಗಿ ಹೊಂದಿತು.

ಅಂದು ಮಾಮ ಒಂದು ಸೂಚನೆಯನ್ನೂ ತಪ್ಪದೆ ಹೇಳಿದರು. ಪಕ್ಕದಲ್ಲಿದ್ದ ನಾನು ನೋಡಿದರೆ ಪುಸ್ತಕ ತೊಡೆಯ ಮೇಲೆ ಮುಚ್ಚಿಕೊಂಡೇ ಇತ್ತು. ಇಡೀ ನಾಟಕ ಅವರಿಗೆ ಬಾಯಿಪಾಠ! "ಭಲೇ ನೆನಪು ಮಾಮ," ಎಂದು ಪಿಸುಗುಟ್ಟಿದೆನೇ ಹೊರತು, ಅದು ಯಾಕೆ ಬಾಯಿಪಾಠವಾಯಿತು ಎಂದು ಆಲೋಚಿಸುವಷ್ಟು ನನ್ನ ಬುದ್ಧಿ ಓಡಲಿಲ್ಲ. ಕೊನೆಯ ಅಂಕದಲ್ಲಿ "ಮುದುಕ ಎದ್ದು ನಿಲ್ಲುತ್ತಾನೆ" ಎಂದು ಹೇಳಿ ಅವರು ಎಂದಿಗಿಂತ ಹೆಚ್ಚು ಹೊತ್ತು ತಡೆದರು. ಆಮೇಲೆ ನಟರು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು, ಕನ್ನಡಕ ಹಿಂದಿರುಗಿಸಿ ಹೋದರು. ಮತ್ತೆ ಇತ್ತ ತಲೆ ಹಾಕಲಿಲ್ಲ.

ಕೆಲವು ತಿಂಗಳ ಮೇಲೆ ಹೊಸ ಲೆನ್ಸ್ ಹಾಕಿಸಲು ಅಂಗಡಿಗೆ ಹೋದಾಗ ಮಾಮ ಇರಲಿಲ್ಲ, ಮಗಳಿದ್ದಳು. ನನ್ನ ಹೆಸರು ಬರೆದುಕೊಳ್ಳುತ್ತ ತಲೆಯೆತ್ತದೆ ಹೇಳಿದಳು: "ಅಪ್ಪ ಲೆನ್ಸ್ ಉಜ್ಜೋ ಮಿಷನ್ ಮುಂದೆ ನಿಂತು ಒಂದು ತಿಂಗಳು ನಾಟಕದ ಆ ಮುದುಕನ ಮಾತನ್ನೇ ಹೇಳ್ಕೊಂಡ್ರು ಸಾರ್. ಗಿರಾಕಿಗಳು ತಮಗೇ ಬೈತಿದಾರೆ ಅಂದ್ಕೊಂಡು ಗಾಬರಿ ಆಗ್ತಿದ್ರು. ನಾನೂ ಕೇಳೋಕೆ ಬರ್ತೀನಿ ಅಂದ್ರೆ, ಬಾ, ಆದ್ರೆ ಮುಂದೆ ಕೂರಬೇಡ ಅಂದ್ರು. ಅವತ್ತು ಕೊನೇ ಸಾಲಲ್ಲಿ ನಾನಿದ್ದೆ." ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕೂತದ್ದು ನೆನಪಿತ್ತು. ಚಪ್ಪಾಳೆ ತಟ್ಟದವಳು ಅವಳೊಬ್ಬಳೇ.

ಕೂಡಲೇ ಹೋಗಿ ಕ್ಷಮೆ ಕೇಳಬೇಕಿತ್ತು. ನಾಚಿಕೆಗೆ ಜಾಣತನದ ವೇಷ ಹಾಕಿ, ಮುಂದಿನ ವರ್ಷ ಅದೇ ನಾಟಕ ಇಟ್ಟು ಪಾತ್ರವನ್ನು ಅವರ ಕೈಗೇ ಕೊಟ್ಟರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ದನಿ ಹೋಯಿತು, ಪಿಸುಮಾತು ಉಳಿಯಿತು. ಆದರೂ ಆ ನಾಟಕದ ಚೀಟಿ ಎತ್ತುವ ದಿನ ಬಂದರು, ಅದೇ ಕೋಟು, ಅದೇ ಏಳು ಕನ್ನಡಕ. ನಾನು ಅಪ್ಪನ ಚೀಟಿಯನ್ನು ಅವರ ಕೈಗಿಟ್ಟು, ತಪ್ಪಾಯಿತು ಮಾಮ, ನಿಮ್ಮ ದನಿ ಹೇಗಿದ್ದರೂ ಸರಿ, ನೀವೇ ಓದಿ ಎಂದೆ. ಅವರು ಅದನ್ನು ಮಡಿಸಿ, ನನಗೇ ಹಿಂದೆ ಕೊಟ್ಟು ಪಿಸುಗುಟ್ಟಿದರು: "ಡಬ್ಬಿಗೆ ಹಾಕಿ. ನಿಯಮ ಅಂದ್ಮೇಲೆ ನಿಯಮ."

ಎಲ್ಲ ಕೂಟಗಳಲ್ಲೂ, ಎಲ್ಲ ಮನೆಗಳಲ್ಲೂ ಇಂಥವರು ಒಬ್ಬರಿರುತ್ತಾರೆ. ಹತ್ತು ಸಲ ಬಿಟ್ಟುಕೊಟ್ಟರೆ ಹನ್ನೊಂದನೆಯ ಸಲ ನಾವು ಅದನ್ನು ಅವರ ಸ್ವಭಾವ ಎನ್ನುತ್ತೇವೆ, ಆಮೇಲೆ ಅವರ ಇಷ್ಟ ಎನ್ನುತ್ತೇವೆ. ಹಾಗೆಂದುಕೊಂಡರೆ ಕಿತ್ತುಕೊಂಡದ್ದೂ ಉಪಕಾರದಂತೆ ಕಾಣುತ್ತದೆ. ಅವರಿಗೂ ಆಸೆಯೊಂದಿರುತ್ತದೆ, ಒಳಜೇಬಿನಲ್ಲಿ, ವರ್ಷಗಳಿಗೊಮ್ಮೆ ಹೊರಗೆ ಬರುವಂಥದ್ದು. ಏನು ಬೇಕು ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ನಾನೂ ಕೇಳಿದ್ದೆ, ನಿಜ. ಆದರೆ ಅವರು ಕೊಡಬೇಕಾದ ಉತ್ತರವನ್ನೂ ನಾನೇ ಸೇರಿಸಿ ಕೇಳಿದ್ದೆ.