ತುದಿ ಹರಿದ ಟೇಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೂರನೇ ತರಗತಿಯ ಇಪ್ಪತ್ತೆಂಟು ಮಕ್ಕಳನ್ನು ಸುಣ್ಣದ ಗೆರೆಯ ಹಿಂದೆ ನಿಲ್ಲಿಸಿ ಒಬ್ಬೊಬ್ಬರಾಗಿ ಹಾರಿಸಿ ನೋಡಲಿ, ಆಮೇಲೆ ಮಾತಾಡಲಿ.

ವ್ಯಾಯಾಮವೇನೋ ಸರಳ. ಗೆರೆಗೆ ಎರಡೂ ಪಾದ ಜೋಡಿಸು, ಮಂಡಿ ಬಗ್ಗಿಸು, ಕೈ ಬೀಸು, ಹಾರು, ಎರಡೂ ಕಾಲ ಮೇಲೆ ಒಟ್ಟಿಗೆ ಇಳಿ. ಗೆರೆಯಿಂದ ಹಿಮ್ಮಡಿಯವರೆಗೆ ಅಳೆದು ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಕಳೆದ ವಾರ ತಾನೇ ಹಾರಿದ್ದಕ್ಕಿಂತ ಒಂದು ಬೆರಳು ಮುಂದೆ ಹೋದರೆ ಆ ಮಗು ಗೆದ್ದ ಹಾಗೆ.

ದರ್ಜಿಯ ಮಗಳು ಸ್ವಲ್ಪ ದಪ್ಪ. ಹುಡುಗರು ‘ಮೂಟೆ’ ಅನ್ನುತ್ತಿದ್ದರು. ಅಂದವರ ಕಿವಿ ಹಿಂಡಿದ್ದೇನೆ. ಒಂದು ಮೀಟರ್ ದಾಟಬೇಕೆಂಬುದು ಅವಳ ವರ್ಷವಿಡೀ ಹಟ. ತೊಂಬತ್ತು ಸೆಂಟಿಮೀಟರಿನ ಆಸುಪಾಸಿನಲ್ಲೇ ಒದ್ದಾಡುತ್ತಿದ್ದಳು.

ಅಮ್ಮನ ಕಣ್ಣಿನ ಆಪರೇಷನ್‌ಗೆಂದು ನಾನು ಎರಡು ದಿನ ರಜೆ ಹಾಕಿದೆ. ಆ ಎರಡು ದಿನ ಮಕ್ಕಳನ್ನು ಹಾರಿಸಿ ಅಳೆದವರು ಹೆಡ್‌ಮೇಡಂ. ಮರಳಿ ಬಂದಾಗ ಅವಳು ಗೆರೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಚೀಲದಿಂದ ಅಪ್ಪನ ಅಂಗಡಿಯ ಟೇಪು ತೆಗೆದು ನನ್ನ ಮುಂದೆ ಹಿಡಿದಳು.

“ಟೀಚರ್, ಹೆಡ್‌ಮೇಡಂ ನೂರಾ ಮೂರು ಅಂದ್ರು. ಎಲ್ರೂ ಚಪ್ಪಾಳೆ ಹೊಡೆದ್ರು, ಕೆಂಪು ರಿಬ್ಬನ್ ಕೊಟ್ರು. ಮನೇಲಿ ಹಾರಿದ್ರೆ ಅಪ್ಪನ ಟೇಪಲ್ಲಿ ತೊಂಬತ್ಮೂರೇ ಬರುತ್ತೆ. ಸುಳ್ಳು ಹೇಳಿ ರಿಬ್ಬನ್ ತಗೊಂಡು ಬಂದಿದೀಯಾ ಅಂತ ಅಪ್ಪ ಬೈದು ಕಿತ್ಕೊಂಡ್ರು. ಯಾವ ಟೇಪು ಸುಳ್ಳು ಹೇಳ್ತಿದೆ?”

ಶಾಲೆಯ ಟೇಪಿನ ಮೊದಲ ಹತ್ತು ಸೆಂಟಿಮೀಟರ್ ಗೇಟಿಗೆ ಸಿಕ್ಕಿ ಹರಿದು ಮೂರು ವರ್ಷವಾಗಿದೆ. ನಾನು ಹರಿದ ತುದಿಯನ್ನೇ ಗೆರೆಗಿಟ್ಟು, ಬಂದ ಲೆಕ್ಕದಲ್ಲಿ ಮನಸ್ಸಿನಲ್ಲೇ ಹತ್ತು ಕಳೆದು ಬರೆಯುತ್ತೇನೆ. ಹೆಡ್‌ಮೇಡಂ ಕಂಡದ್ದನ್ನು ಕಂಡ ಹಾಗೆ ಓದಿದ್ದಾರೆ. ಪುಸ್ತಕ ತೆರೆದರೆ ಇಪ್ಪತ್ತೆಂಟು ಮಕ್ಕಳೂ ಎರಡೇ ದಿನದಲ್ಲಿ ಹತ್ತು ಸೆಂಟಿಮೀಟರ್ ಮುಂದೆ ಹೋಗಿದ್ದರು! ಆಗಲೂ ಆ ಮಹಾತಾಯಿಗೆ ಅನುಮಾನ ಬರಲಿಲ್ಲವೆಂದರೆ ಏನು ಹೇಳುವುದು?

ನಾನು ನೇರವಾಗಿ ಅವರ ಕೋಣೆಗೆ ನುಗ್ಗಿದೆ. “ಆ ಮಗು ಮನೇಲಿ ಸುಳ್ಳುಗಾತಿ ಅನ್ನಿಸಿಕೊಂಡಿದೆ. ಅವರಪ್ಪನನ್ನ ಕರೆಸಿ, ತಪ್ಪು ನಮ್ಮದು ಅಂತ ಹೇಳಿ.”

“ಕೂತ್ಕೊಳ್ಳಿ. ಅಂಕಿಗಳು ಮೇಲಿನ ಕಚೇರಿಗೆ ಹೋಗಾಯ್ತು. ಹತ್ತು ಸೆಂಟಿಮೀಟರ್‌ಗೆ ಆಕಾಶ ಕಳಚಿ ಬೀಳುತ್ತಾ?”

“ಹೊಸ ಟೇಪು ಕೇಳಿ ಕೇಳಿ ನನಗೆ ಬಾಯಿ ನೋವು ಬಂತು!”

“ಟೇಪು ಹಳೇದಾಗಿದೆ ಅಂದ್ರಿ. ತುದಿ ಹರಿದಿದೆ, ಹತ್ತು ಕಳೀಬೇಕು ಅಂತ ಒಂದು ದಿನವಾದ್ರೂ ಹೇಳಿದ್ರಾ? ರಜೆ ಚೀಟೀಲಿ ಬರೆದಿದ್ರಾ?”

ಅವರು ಹೇಳಿದ್ದು ನಿಜವೆಂಬುದೇ ನನ್ನ ಮೈ ಉರಿಸಿತು. ಬಾಗಿಲನ್ನು ದಢಾರೆಂದು ಹಾಕಿಕೊಂಡು ಬಂದೆ.

ಶಾಲೆ ಬಿಟ್ಟ ಕೂಡಲೇ ಹರಿದ ಟೇಪನ್ನೂ ಪುಸ್ತಕವನ್ನೂ ಹಿಡಿದು ಹುಡುಗಿಯ ಜೊತೆ ಅಂಗಡಿಗೆ ಹೋದೆ. ದರ್ಜಿ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ. ಮೆಷಿನ್ನಿನ ಕೆಳಗೆ ತುಂಡುಬಟ್ಟೆಯ ಡಬ್ಬಿ. ಅದರ ಮೇಲೆಯೇ ಕೆಂಪು ರಿಬ್ಬನ್ ಬಿದ್ದಿತ್ತು. ಅದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು.

“ಹೆತ್ತ ಮಗಳ ಮಾತು ನಂಬೋಕಾಗಲ್ವೇನ್ರೀ ನಿಮಗೆ? ಶಾಲೆಗೆ ಬಂದು ಒಂದು ಮಾತು ಕೇಳಬಾರದಿತ್ತಾ?”

ಅವನು ಪೆಡಲ್ ನಿಲ್ಲಿಸಿ ನನ್ನ ಕೈಯಿಂದ ಟೇಪು ತೆಗೆದುಕೊಂಡ. ಹರಿದ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಮುಖ ಕಪ್ಪಿಟ್ಟಿತು.

“ಟೇಪಿನ ತುದಿ ಒಂದು ನೂಲು ಸವೆದ್ರೂ ನಾವು ಅದನ್ನ ಬಟ್ಟೆಗೆ ಮುಟ್ಟಿಸಲ್ಲ ಮೇಡಂ. ಬಿಸಾಕ್ತೀವಿ. ನೀವು ಇದರಲ್ಲಿ ಮಕ್ಕಳನ್ನ ಅಳೀತೀರಾ?”

“ಅಳೀತೀನಿ. ಮೂರು ವರ್ಷದಿಂದ. ಹರಿದಿರೋ ವಿಷಯ ನಾನು ಯಾರಿಗೂ ಹೇಳಿರಲಿಲ್ಲ,” ಎಂದೆ. ಯಾರ ಮೇಲೋ ಕೂಗಲು ಬಂದವಳು ನನ್ನ ಮೇಲೆಯೇ ಕೂಗಿದ ಹಾಗಾಯಿತು. “ನಿಮ್ಮ ಮಗಳು ಸುಳ್ಳು ಹೇಳಿಲ್ಲ. ತಪ್ಪು ನನ್ನದು.”

ದರ್ಜಿ ಮಗಳ ಕಡೆ ತಿರುಗಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

“ಹೇಳಪ್ಪಾ,” ಎಂದಳು. “ಬೈದಾಗ ಎಷ್ಟು ಜೋರಾಗಿ ಹೇಳಿದ್ಯೋ ಅಷ್ಟೇ ಜೋರಾಗಿ ಹೇಳು.”

ಪಕ್ಕದ ಅಂಗಡಿಯವರು ಇಣುಕಿ ನೋಡಿದರು. “ನನ್ನ ಮಗಳು ಸುಳ್ಳು ಹೇಳಿಲ್ಲ!” ಎಂದು ಅವನು ಬೀದಿಗೆ ಕೇಳುವ ಹಾಗೆ ಕೂಗಿದ. ಡಬ್ಬಿಯಿಂದ ರಿಬ್ಬನ್ ಎತ್ತಿ, ದಾರದ ಎಳೆ ಕೊಡವಿ, ಅವಳಿಗೆ ಚಾಚಿದ.

ಅವಳು ಮುಟ್ಟಲಿಲ್ಲ. ನನ್ನ ಪುಸ್ತಕ ಕಸಿದುಕೊಂಡು ತನ್ನ ಪುಟ ತೆರೆದಳು.

“ಮೊದಲು ಇದನ್ನ ಹೊಡೆದುಹಾಕಿ ಟೀಚರ್. ತೊಂಬತ್ಮೂರು ಅಂತ ಬರೀರಿ.”

ನಾನು ಬರೆದೆ. ಅವಳು ಬಗ್ಗಿ ಎರಡು ಸಲ ಓದಿ ನೋಡಿದಳು.

“ರಿಬ್ಬನ್ ನಿಮ್ಮ ಹತ್ರನೇ ಇರಲಿ. ಅದು ಮೀಟರ್‌ಗೆ ಕೊಟ್ಟಿದ್ದು,” ಎಂದಳು, ಸಿಟ್ಟಿನ್ನೂ ಇಳಿದಿರಲಿಲ್ಲ. “ಇನ್ನು ಏಳು ಇದೆ. ನಾಳೆಯಿಂದ ಅಪ್ಪನ ಟೇಪು ತರ್ತೀನಿ. ತುದಿ ನಾನೇ ಹಿಡೀತೀನಿ.”