ದಿಣ್ಣೆಗೆ ಬೇಕಾದ ಗೇರು

ನನ್ನ ಗಂಡನ ಕೈಗೆ ಸ್ಕ್ರೂಡ್ರೈವರ್ ಕೊಡಬಾರದು. ಕೊಟ್ಟರೆ ಮನೆಯ ಯಾವುದೋ ಒಂದು ವಸ್ತುವಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಮಿಕ್ಸಿ ಹೋಯಿತು, ಇಸ್ತ್ರಿಪೆಟ್ಟಿಗೆ ಹೋಯಿತು, ಟಿ.ವಿ. ರಿಮೋಟು ಇವತ್ತಿಗೂ ಒಂದು ಬಟ್ಟಲಲ್ಲಿ ಬಿಡಿಬಿಡಿಯಾಗಿ ಬಿದ್ದಿದೆ. ಆಯುಧಪೂಜೆ ಕಳೆದ ವಾರ ನನ್ನ ಗೇರ್ ಸೈಕಲ್ಲು ಕೆಟ್ಟಿತು. ಸುರೇಶ್ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದು ನೋಡಿ, ಇದರ ಗತಿಯೂ ಆ ರಿಮೋಟಿನದೇ ಎಂದುಕೊಂಡೆ.

ಸೈಕಲ್ಲು ಮೊದಲು ಕೆ.ಆರ್. ನಗರದಲ್ಲಿರುವ ನನ್ನ ತಮ್ಮನದು. ಅವನು ಬೈಕು ತೆಗೆದುಕೊಂಡ ಮೇಲೆ ಮೂಲೆ ಸೇರಿದ್ದನ್ನು ನಾನು ಗೂಡ್ಸ್ ಆಟೋಗೆ ಹಾಕಿಸಿಕೊಂಡು ತಂದೆ. ನಮ್ಮ ಮನೆ ದಾಟಿದ ಕೂಡಲೇ ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋಗುವ ರಸ್ತೆಯಲ್ಲಿ ಒಂದು ದಿಣ್ಣೆ ಇದೆ. ಶುಂಠಿ ತುಂಬಿದ ಲಾರಿಗಳೇ ಅಲ್ಲಿ ಏದುಸಿರು ಬಿಡುತ್ತವೆ. ಮಾಮೂಲಿ ಸೈಕಲ್ಲಿನಲ್ಲಿ ಅದನ್ನು ಹತ್ತುವ ಮಾತೇ ಇಲ್ಲ. ನನ್ನದರಲ್ಲಿ ಒಂದನೇ ಗೇರಿಗೆ ಹಾಕಿದರೆ, ಚೈನು ಹಿಂದಿನ ಚಕ್ರದ ಎಲ್ಲಕ್ಕಿಂತ ದೊಡ್ಡ ಹಲ್ಲುಬಿಲ್ಲೆಗೆ ಏರಿ ಪೆಡಲ್ಲು ಹಗುರಾಗುತ್ತದೆ. ಆಮೇಲೆ ಗುನುಗಿಕೊಂಡು ಹತ್ತಬಹುದು.

ಹ್ಯಾಂಡ್‌ಪೋಸ್ಟಿನ ಒಂದು ಬಟ್ಟೆ ಅಂಗಡಿಯಲ್ಲಿ ನನಗೆ ಕೆಲಸ. ಮೊದಲೆಲ್ಲ ಸುರೇಶ್ ಬೈಕಿನ ಹಿಂದೆ ಕೂತು ಹೋಗುತ್ತಿದ್ದೆ. ಒಳ್ಳೆಯ ಮನುಷ್ಯ, ಆದರೆ ದಾರಿಯಲ್ಲಿ ಕಂಡವರ ಹೊಗೆಸೊಪ್ಪು, ಹಸು, ಸೊಸೆಯ ಬಾಣಂತನ ಎಲ್ಲ ವಿಚಾರಿಸದೆ ಮುಂದೆ ಹೋಗುವವರಲ್ಲ. ನಾನು ತಲುಪುವಷ್ಟರಲ್ಲಿ ಅಂಗಡಿಯಲ್ಲಿ ಬೋಣಿಯೇ ಆಗಿರುತ್ತಿತ್ತು. ಇನ್ನೊಂದು ಸಲ ತಡವಾದರೆ ಬರಲೇಬೇಡಮ್ಮ ಎಂದು ಅಂಗಡಿ ಯಜಮಾನರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಸೈಕಲ್ಲು ಬಂದಮೇಲೆ ನನ್ನ ಹೊತ್ತು ನನ್ನದಾಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ, ಯಾರನ್ನೂ ‘ಹೊರಡೋಣ್ವಾ’ ಎಂದು ಕೇಳದೆ ಮನೆಯಿಂದ ಹೊರಡುತ್ತಿದ್ದೆ. ಅದರ ಸುಖ ಗಂಡಸರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಈಗ ಚೈನು ಮೂರನೇ ಗೇರಿನವರೆಗೆ ಬಂದು ಅಲ್ಲಿಯೇ ಹಟ ಹಿಡಿಯುತ್ತಿತ್ತು. ಒಂದಕ್ಕೆ ಹೋಗು ಎಂದು ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಕಟಕಟ ಸದ್ದು ಮಾಡುತ್ತಿತ್ತೇ ಹೊರತು ಏರುತ್ತಿರಲಿಲ್ಲ. ಸುರೇಶ್ ಮೊಬೈಲಿನಲ್ಲಿ ವಿಡಿಯೋ ನೋಡಿ ವೈರ್ ಬಿಗಿ ಮಾಡಿದರು, ಚೈನಿಗೆ ಎಣ್ಣೆ ಸುರಿದರು. ಹಿಂದೆ ಇದ್ದ ಎರಡು ಪುಟ್ಟ ಸ್ಕ್ರೂಗಳನ್ನು ಬಾವಿ ರಾಟೆಯ ಹಾಗೆ ತಿರುಗಿಸಿದರು. ಚೈನು ಕಳಚಿ ಜೋತುಬಿತ್ತು.

“ಗೇರೆಲ್ಲ ಸವೆದೋಗ್ಬುಟ್ಟದೆ ಕಣೆ,” ಎಂದು ಕೈ ಒರೆಸಿಕೊಂಡರು. “ಗಾವಡಗೆರೆ ಮಾದೇಶ ಭಾನ್ವಾರ ಬತ್ತಾನೆ. ಅವನ ಮಗನಿಗೆ ಸೈಕಲ್ ಬೇಕಂತೆ. ರಿಪೇರಿ ಅವ್ನೇ ಮಾಡುಸ್ಕತಾನೆ, ಕೊಟ್ಬುಡಾನ. ನಿನ್ನ ದಿನಾ ನಾನೇ ಬುಡ್ತೀನಿ.”

“ಅವತ್ತೇ ನನ್ನ ಕೆಲ್ಸಕ್ಕೂ ತಿಥಿ ಮಾಡ್ಬುಡಿ,” ಎಂದೆ.

ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ಚಿಕ್ಕಬಸಮ್ಮ ತಲೆ ಎತ್ತಲಿಲ್ಲ. ಸೈಕಲ್ಲಿನ ಬಗ್ಗೆ ಅವರು ಒಂದು ಒಳ್ಳೆಯ ಮಾತು ಆಡಿದ್ದು ನಾನು ಕೇಳಿಲ್ಲ. ಸೊಸೆ ಸೈಕಲ್ ತುಳಿದರೆ ಊರೆಲ್ಲ ನಿಂತು ನೋಡುತ್ತದೆ ಎನ್ನುವುದೊಂದೇ ಅವರ ರಾಗ.

ಭಾನುವಾರ ಬೆಳಗ್ಗೆ, ಮಾದೇಶ ಬರುವ ಮುಂಚೆಯೇ, ನಾನು ಸೈಕಲ್ಲು ತಳ್ಳಿಕೊಂಡು ಹೊರಟೆ. ದಿಣ್ಣೆ ಹತ್ತುವಷ್ಟರಲ್ಲಿ ನಾಲಿಗೆ ಒಣಗಿತು. ಹ್ಯಾಂಡ್‌ಪೋಸ್ಟಿನಲ್ಲಿ ಮಂಟಯ್ಯನ ಸೈಕಲ್ ಶಾಪು ಆಗಷ್ಟೇ ಬಾಗಿಲು ತೆಗೆದಿತ್ತು. ಮಂಟಯ್ಯ ರಿಪೇರಿಗಿಂತ ಮೊದಲು ಬೈಯುವ ಪೈಕಿ.

“ಈ ಸ್ಕ್ರೂ ಮುಟ್ದೋರು ಯಾರವ್ವ?”

“ನಮ್ಮ ಯಜಮಾನ್ರು.”

“ಕೈಮುಗ್ದು ಹೇಳು ಅವ್ರ್ಗೆ. ಶುಂಠಿ ಬೆಳ್ಕಂಡು ಸುಮ್ನಿರ್ಲಿ.”

ಹಿಂದಿನ ಚಕ್ರದ ಪಕ್ಕ ಒಂದು ಕೈ ಜೋತುಬಿದ್ದಿರುತ್ತದೆ. ಚೈನನ್ನು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ದಾಟಿಸುವುದು ಅದೇ. ಎಲ್ಲೋ ಬಿದ್ದು ಆ ಕೈ ಬಾಗಿದೆ ಎಂದು ಮಂಟಯ್ಯ ತೀರ್ಪು ಕೊಟ್ಟ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ನೆಟ್ಟಗಿತ್ತು. ಹಾಗಾದರೆ ವೈರಿಗೆ ತುಕ್ಕು ಎಂದ. ಹೊಸ ವೈರು ಹಾಕಿ, ಚೈನು ಕೂರಿಸಿ, ಸ್ಕ್ರೂಗಳನ್ನು ಸರಿಮಾಡಿದ. ಚೈನು ಮತ್ತೆ ಮೂರಕ್ಕೇ ನಿಂತಿತು. ಮಂಟಯ್ಯ ಸೈಕಲ್ಲಿನ ವಂಶವನ್ನೆಲ್ಲ ಬೈಯತೊಡಗಿದ.

ನಮ್ಮ ಬಟ್ಟೆ ಅಂಗಡಿಯ ಶಟರ್ ಸಿಕ್ಕಿಕೊಂಡಾಗ, ತಪ್ಪು ಎಳೆಯುವ ಸರಪಳಿಯದೋ ಶಟರಿನದೋ ಎಂದು ನಾವು ಮೊದಲು ನೋಡುತ್ತೇವೆ. ಇಲ್ಲೂ ಅದೇ ತಾನೇ ಎನಿಸಿತು.

“ಮಂಟಣ್ಣ, ವೈರ್ ಬಿಚ್ಚಿ ಬರೀ ಬೆರಳಲ್ಲಿ ಆ ಕೈನ ತಳ್ಳಿ ನೋಡಿ. ಹೋಗ್ತದಾ?”

“ಅದ್ನೇ ಮಾಡ್ಬೇಕು ಅಂತಿದ್ದೆ,” ಎಂದು ಸುಳ್ಳು ಹೇಳಿ ವೈರು ಬಿಚ್ಚಿದ. ಹೆಬ್ಬೆರಳಲ್ಲಿ ತಳ್ಳಿದ. ಕೈ ಅರ್ಧಕ್ಕೆ ಬಂದು ನಿಂತಿತು, ಇನ್ನಷ್ಟು ಒತ್ತಿದರೂ ಅಲುಗಲಿಲ್ಲ. ಅಂದರೆ ವೈರು, ಗುಂಡಿ ಎರಡೂ ನಿರಪರಾಧಿಗಳು. ಮಂಟಯ್ಯ ಸೀಮೆಎಣ್ಣೆ ಬಟ್ಟೆಯಿಂದ ಗ್ರೀಸು ಒರೆಸಿದ. ಕರಿ ಗ್ರೀಸಿನ ಅಡಿಯಲ್ಲಿ ಕರಿದಾರ! ಗೇರಿನ ಕೈಯನ್ನೂ ಫ್ರೇಮನ್ನೂ ಸೇರಿಸಿ ಸುತ್ತುಸುತ್ತಾಗಿ ಬಿಗಿದು, ತುದಿಗೆ ಒಂದು ಚೂರು ಬಜೆಬೇರು ಕಟ್ಟಿತ್ತು. ನಮ್ಮ ಮನೆಯಲ್ಲಿ ಬಜೆಬೇರು ಇಟ್ಟುಕೊಂಡವರು ಅತ್ತೆ ಒಬ್ಬರೇ.

ಬ್ಲೇಡು ಎತ್ತಿದ್ದ ಮಂಟಯ್ಯ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ. “ದೃಷ್ಟಿದಾರ ನಾನು ಕುಯ್ಯಕಿಲ್ಲ ಕಣವ್ವ. ಕಟ್ದೋರೇ ಬಿಚ್ಬೇಕು. ನಂಗೂ ಹೆಂಡ್ರುಮಕ್ಳವ್ರೆ.”

ನಾನೇ ಕುಯ್ಯಬಹುದಿತ್ತು. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. ಸೊಸೆ ಮನೆಯಲ್ಲಿ ಬಿದ್ದಿರಲಿ ಎಂದು ಗೇರು ಕಟ್ಟಿಹಾಕಿದ್ದಾರೆ, ಸಾಕ್ಷಿಸಮೇತ ಕೇಳಿಯೇ ಬಿಡುತ್ತೇನೆ ಎಂದುಕೊಂಡೆ. ವೈರು ಮತ್ತೆ ಹಾಕಿಸಿಕೊಂಡು, ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಮನೆಗೆ ಬಂದೆ.

ಮಾದೇಶ ಆಗಲೇ ಜಗಲಿಯಲ್ಲಿ ಟೀ ಕುಡಿಯುತ್ತಿದ್ದ. ಸುರೇಶ್ ಅವನಿಗೆ ಸೈಕಲ್ಲಿನ ಗುಣಗಾನ ಮಾಡುತ್ತಿದ್ದರು. ಸವೆದುಹೋಗಿದ್ದ ಗೇರು ಅವರ ಬಾಯಲ್ಲಿ ಅಷ್ಟರಲ್ಲಿ ಹೊಸದಾಗಿಬಿಟ್ಟಿತ್ತು. ನಾನು ಸೈಕಲ್ಲನ್ನು ಅತ್ತೆಯ ಮುಂದೆಯೇ ನಿಲ್ಲಿಸಿದೆ.

“ಇದು ಯಾರ ಕೆಲ್ಸ ಅತ್ತೆ?”

ಅವರು ಬಗ್ಗಿ ನೋಡಿದರು. “ನಂದೇಯ. ಆಯುಧಪೂಜೆಲಿ ಮುಂದ್ಗಡೆ ನಿಂಬೆಣ್ಣು ಕಟ್ಟುದ್ರೆ ನೀನು ಕಿತ್ತಾಕ್ದೆ. ಅದ್ಕೇ ಕಾಣ್ದಿರೋ ಕಡೆ ಕಟ್ದೆ.”

“ಸೈಕಲ್ ನಿಂತೋಗ್ಲಿ ಅಂತ ತಾನೆ?”

“ಅಯ್ಯೋ, ಅದ್ಯಾಕಮ್ಮಿ ಅಂಗಂತೀಯ?” ಅತ್ತೆ ಗೇರಿನ ಕೈಯನ್ನು ಬೆರಳಲ್ಲಿ ತೋರಿಸಿದರು. “ಗುಂಡಿ ಒತ್ತುದ್ರೆ ಅದೊಂದೇ ತಾನೆ ಆಡಾದು? ಅದ್ರೊಳ್ಗೇ ಜೀವ ಅದೆ ಅನ್ಕಂಡೆ. ಅಲ್ಗೇ ಕಟ್ದೆ.”

“ಊರೋರ ಕಣ್ಣಿಗೆ ಇಷ್ಟೆಲ್ಲ ಹೆದರ್ಬೇಕಾ?”

“ಊರೋರ್ದಲ್ಲ ಕಣಮ್ಮಿ. ನಂದು.” ಅತ್ತೆ ಸೆರಗಿನ ತುದಿ ಹಿಡಿದುಕೊಂಡರು. “ನಾನು ಓಗಿದ್ದೆಲ್ಲ ಯಾರ್ದೋ ಗಾಡಿ ಮೇಲೆ, ಯಾರ್ದೋ ಹಿಂದ್ಗಡೆ. ಯಾರ್ನೂ ಕೇಳ್ದೆ ಓಗೋಳು ಈ ಮನೇಲಿ ನೀನೊಬ್ಳೇ. ನೀನು ದಿಣ್ಣೆ ಹತ್ತಾದ್ನ ದಿನಾ ಹಿತ್ಲಲ್ಲಿ ನಿಂತ್ಕಂಡು ನೋಡ್ತೀನಿ. ಕಣ್ ತುಂಬ ನೋಡ್ತೀನಿ. ನನ್ ಕಣ್ಣೇ ತಾಕ್ತದೆ ಅಂತ ಭಯ ಆಯ್ತು.”

ನನ್ನ ಸಿಟ್ಟು ಎತ್ತ ಹೋಯಿತೋ ತಿಳಿಯಲಿಲ್ಲ. ಸೈಕಲ್ಲನ್ನು ಅವರ ಕೈಗೆಟುಕುವ ಹಾಗೆ ತಿರುಗಿಸಿ ಹಿಡಿದೆ.

ಅತ್ತೆ ಒಳಗೆ ಹೋಗಿ ಕುಡುಗೋಲು ತಂದರು. ಬಾಯಲ್ಲಿ ಏನೋ ಮಣಮಣ ಹೇಳಿಕೊಂಡು ದಾರವನ್ನು ಕುಯ್ದರು. ಆಮೇಲೆ ಮಗನ ಕಡೆ ತಿರುಗಿ, “ಲೇ ಸುರೇಸ, ಮಾರದು ಗೀರದು ಅಂದ್ರೆ ಊಟ ಇಕ್ಕಕಿಲ್ಲ ನೋಡು,” ಎಂದರು. ಮಾದೇಶ ಲೋಟ ಕೆಳಗಿಟ್ಟು, “ನಮ್ ಹೈದ್ನಿಗೆ ಬ್ಯಾರೆ ನೋಡ್ತೀನಿ ಬುಡವ್ವ,” ಎಂದ. ಸುರೇಶ್ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು, ನಾನು ಗದರಿಸಿ ಕೂರಿಸಿದೆ.

“ಹತ್ತು, ನೋಡಾನ,” ಎಂದರು ಅತ್ತೆ.

ದಿಣ್ಣೆಯ ಬುಡದಲ್ಲಿ ಗುಂಡಿ ಒತ್ತಿದೆ. ಚೈನು ಟಕ್ಕೆಂದು ಮೂರು ದಾಟಿ, ಎರಡು ದಾಟಿ, ಒಂದಕ್ಕೆ ಏರಿ ಕೂತಿತು. ಪೆಡಲ್ಲು ಹಗುರಾಯಿತು. ತುದಿಗೆ ಬಂದು ಕಾಲೂರಿ ತಿರುಗಿ ನೋಡಿದೆ. ಅತ್ತೆ ಹಿತ್ತಲಲ್ಲಿ ನಿಂತಿದ್ದರು. ಆದರೆ ನನ್ನ ಕಡೆ ಬೆನ್ನು ಮಾಡಿ, ಸೆರಗಿನಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

“ಅತ್ತೇ, ನೋಡೀ!” ಎಂದು ದಿಣ್ಣೆಯ ಮೇಲಿಂದ ಕೂಗಿದೆ. “ನೋಡಿ, ಏನೂ ಆಗಕಿಲ್ಲ!”

ಅವರು ಸೆರಗು ಸರಿಸಿ, ನಿಧಾನಕ್ಕೆ ಈ ಕಡೆ ತಿರುಗಿದರು.